ಒಳಗೆ ಕೂರುವವರು

ಮಾರ್ಚ್ ೯, ಸೋಮವಾರ

ಅಕ್ಷರ ಸೊಟ್ಟ, ಕಾಗುಣಿತವೂ ತಪ್ಪಿರಬಹುದು. ಓದುವವಳು ನಾನೇ ತಾನೆ.

ನಿನ್ನೆ ಆಟಿಕೆ ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಮಾಡುವ ಯುದ್ಧದ ಟ್ಯಾಂಕ್ ಬೇಕೆಂದು ತಡವರಿಸುತ್ತಾ ಕೇಳಿದೆ. "ಮೊದಲನೇ ಸಲಾನಾ? ಬಿಡಿಭಾಗ ಕಮ್ಮಿ ಇರೋದು ತಗೋಮ್ಮ," ಎಂದರು ಅಂಗಡಿಯವರು. ನಾನು ಒಳಗೆ ಕೂರಿಸಲು ಪುಟ್ಟ ಸೈನಿಕರಿದ್ದದ್ದನ್ನೇ ಆರಿಸಿದೆ. ಅಣ್ಣ ಟ್ಯಾಂಕ್ ಓಡಿಸುತ್ತಿದ್ದವನು. ಯುದ್ಧದಿಂದ ಬಂದಮೇಲೆ ಮಾತೇ ಇಲ್ಲ; ಜೊತೆಗೆ ಕೂತು ಜೋಡಿಸಿದರೆ ಬಾಯಿ ಬಿಟ್ಟಾನೆಂಬ ಆಸೆ.

ಬಿಟ್ಟ, ರಾತ್ರಿ ಡಬ್ಬಿ ತೆರೆದಾಗ. "ಇದ್ರಲ್ಲಿ ನಾಲ್ಕು ಜನಾನೂ ಇದಾರಲ್ಲೇ, ಪುಟ್ಟಿ. ನಮ್ದ್ರಲ್ಲಿ ಈಚೆ ಬಂದೋನು ನಾನೊಬ್ನೇ." ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದ.

ಇವತ್ತು ಬೆಳಗ್ಗೆ ಅವನು ಏಳುವ ಮೊದಲೇ, ಆ ಪುಟ್ಟ ಸೈನಿಕರಲ್ಲಿ ಮೂವರನ್ನು ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸಿ ತೆಗೆದೆ. ಓಡಿಸುವವನೊಬ್ಬನೇ ಉಳಿಯುವುದು ಬೇಡವೆನಿಸಿ ಅವನನ್ನೂ ತೆಗೆದು, ಟ್ಯಾಂಕಿನ ಡಬ್ಬಿಯನ್ನಷ್ಟೇ ಅಣ್ಣನ ದಿಂಬಿನ ಪಕ್ಕ ಇಟ್ಟೆ.