ತೆಗೆದ ಹೆಸರಿಗೆ ಕೂಲಿ

ನೆರಳು ಶಕೆ ಎಂಬತ್ತೆರಡು, ಹದಿಮೂರನೆಯ ತಿಂಗಳು, ಕೃಷ್ಣಪಕ್ಷ
ಹೊಸ ಬೂದಿಕಟ್ಟಿ ಕ್ಯಾಂಪು

ನನ್ನ ಮುತ್ತಜ್ಜಿಗೂ ಹಿಂದಿನ ಕಾಲದ ಹಿರಿಯರಿಗೆ ಪಂಪಮ್ಮನ ನಮಸ್ಕಾರಗಳು.

ಮೇಲೆ ಬರೆದ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ಬೇಸಿಗೆ ಹಳೆಯ ಲೆಕ್ಕದೊಳಗೆ ಹಿಡಿಯದೆ ಹೋದಾಗ ಉಳಿದ ತಿಂಗಳುಗಳಿಂದ ದಿನಗಳನ್ನು ಕಿತ್ತು ಉರಿಮಾಸವೆಂಬ ಹದಿಮೂರನೆಯ ತಿಂಗಳನ್ನು ಮಾಡಿದರು. ಆ ತಿಂಗಳಲ್ಲಿ ಹೊತ್ತು ಏರಿದ ಮೇಲೆ ಯಾರೂ ಹೊರಗೆ ಕಾಲಿಡುವಂತಿಲ್ಲ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು, ದಯವಿಟ್ಟು ಕ್ಷಮಿಸಿ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಂದೇ ಒಂದು ಸಲ ಹಿಂದಿನವರಿಗೆ ಕಾಗದ ಬರೆಯುವ ಅವಕಾಶವಿದೆ. ಇದಕ್ಕೆ ಹಿನ್ನಡೆ ಟಪಾಲು ಎನ್ನುತ್ತಾರೆ. ಅದು ತಲುಪುತ್ತದೆಯೋ ಇಲ್ಲವೋ ಯಾರೂ ಕಂಡಿಲ್ಲ. ಹೆಚ್ಚಿನವರು ಮಳೆಯ ಬಗ್ಗೆ ಬರೆಯುತ್ತಾರೆ. ನಾನು ಹುಲಿಗೆಮ್ಮನ ಬಗ್ಗೆ ಬರೆಯುತ್ತೇನೆ.

ನಾನು ಹುಟ್ಟಿ ಬೆಳೆದ ಊರು ಕಣವಿಹಾಳು. ಹೂಳು ತುಂಬಿದ ಹಳೆಯ ಅಣೆಕಟ್ಟಿನ ಕೆಳಗೆ, ಇಳಿಜಾರಿನಲ್ಲಿ ಕಟ್ಟಿದ ಊರು. ಮೇಲೋಣಿಯಲ್ಲಿ ಅಂಗಡಿಯವರು, ಗುತ್ತಿಗೆದಾರರು, ಕಚೇರಿಯವರು ಇದ್ದರು. ತಗ್ಗಿನ ಓಣಿಯಲ್ಲಿ ನಾವಿದ್ದೆವು, ಬಿಸಿಲು ಹೊಲಕ್ಕೆ ಹೋಗುವವರು. ಬಿಸಿಲು ಹೊಲವೆಂದರೆ ಕಣ್ಣು ಹಾಯುವಷ್ಟು ದೂರ ಸಾಲುಸಾಲಾಗಿ ಮಲಗಿಸಿದ ಗಾಜಿನ ಹಲಗೆಗಳು. ಅವುಗಳ ಮೇಲಿನ ಧೂಳು ಒರೆಸುವುದೇ ನಮ್ಮ ದುಡಿಮೆ. ಚಳಿಗಾಲ ಬಂತೆಂದರೆ ಮನೆಗೆ ಬೀಗ ಹಾಕಿ, ಸಜ್ಜಿ ಹಿಟ್ಟು, ಪುಂಡಿಸೊಪ್ಪಿನ ಒಣಪುಡಿ ಕಟ್ಟಿಕೊಂಡು ಮಕ್ಕಳು ಮುದುಕರೊಂದಿಗೆ ಹೊರಟುಬಿಡುತ್ತಿದ್ದೆವು. ನಾಲ್ಕು ತಿಂಗಳು ಅಲ್ಲೇ ತಗಡಿನ ಕೆಳಗೆ ಇದ್ದು, ಕೈಬೆರಳುಗಳಲ್ಲಿ ಗಾಜಿನ ಸಣ್ಣ ಸಣ್ಣ ಗೀರುಗಳೊಂದಿಗೆ ಮರಳುತ್ತಿದ್ದೆವು. ಆ ಗಳಿಕೆಯಲ್ಲೇ ವರ್ಷವಿಡೀ ಊಟ. ಊರಿಗೆ ನೀರು ಕೊಳವೆಯಲ್ಲಿ ಬರುತ್ತಿತ್ತು. ಯಾವ ಓಣಿಗೆ ಎಷ್ಟು ಹೊತ್ತು ಎಂಬುದನ್ನು ನೀರ್ಸಭೆ ತೀರ್ಮಾನಿಸುತ್ತಿತ್ತು, ದೊಡ್ಡ ಸಂಗತಿಯಾದರೆ ಊರಿನ ಮತಕ್ಕೆ ಹಾಕುತ್ತಿತ್ತು.

ಮತಪಟ್ಟಿ ನೋಡಿಕೊಳ್ಳುವವರನ್ನು ನಾವು ಹೆಸರುಗಾರರು ಎನ್ನುತ್ತೇವೆ. ತಗ್ಗಿನ ಓಣಿಯ ಹೆಸರುಗಾರ್ತಿ ಹುಲಿಗೆಮ್ಮ. ಅವಳೂ ನನ್ನ ಅವ್ವ ಗಾಳೆಮ್ಮನೂ ಒಂದೇ ಕಟ್ಟೆಯ ಮೇಲೆ ಆಡಿ ಬೆಳೆದವರು. ಹುಡುಗ ಹುಡುಗಿಯರಿಗೆ ಹದಿನೆಂಟು ತುಂಬಿದರೆ ಅವಳು ಮನೆಗೆ ಬಂದು ಹೆಸರು ಬರೆದುಕೊಳ್ಳುತ್ತಿದ್ದಳು. ಬೇರೆ ಊರಿಂದ ಸೊಸೆ ಬಂದರೆ ಅರಿಶಿನ ಆರುವ ಮೊದಲೇ ಬಂದು, "ಏನವ್ವಾ ನಿನ್ನ ಹೆಸರು? ತವರಿನ ಪಟ್ಟ್ಯಾಗಿಂದ ತೆಗೆಸಿ ಇಲ್ಲಿ ಹಾಕ್ಲೇನು?" ಎಂದು ಕೇಳುತ್ತಿದ್ದಳು. ಯಾರಾದರೂ ತೀರಿಕೊಂಡರೆ ಹದಿಮೂರು ದಿನ ಕಳೆಯುವವರೆಗೆ ಆ ಹೆಸರು ಮುಟ್ಟುತ್ತಿರಲಿಲ್ಲ. ಇದಕ್ಕೆಲ್ಲ ಅವಳಿಗೆ ತಿಂಗಳ ಸಂಬಳವಿತ್ತು. ಹೆಚ್ಚೇನಲ್ಲ, ಇಬ್ಬರ ಹೊಟ್ಟೆಗೆ ಸಾಲುವಷ್ಟು. ಅವಳ ಗಂಡ ಕೊಟ್ರಪ್ಪ ಹಿಂದೆ ಬಿಸಿಲು ಹೊಲದಲ್ಲಿ ಗಾಜು ಕೊರೆಯುತ್ತಿದ್ದವನು, ಎದೆಯಲ್ಲಿ ಗಾಜಿನ ಪುಡಿ ಕೂತು ಹಾಸಿಗೆ ಹಿಡಿದಿದ್ದ. ಉಸಿರು ಯಂತ್ರವೊಂದನ್ನು ಬಾಡಿಗೆಗೆ ತಂದಿದ್ದರು. ಅದರ ಗೊರಗೊರ ಸದ್ದು ನಮ್ಮ ಮನೆಗೂ ಕೇಳುತ್ತಿತ್ತು.

ನನ್ನ ಮದುವೆಯಾದ ವರ್ಷ ಶುದ್ಧಿ ಆದೇಶ ಬಂತು. ಅದು ಬರುವುದಕ್ಕೆ ಕಾರಣವಿರಲಿಲ್ಲವೆಂದು ನಾನು ಹೇಳುವುದಿಲ್ಲ. ಎಷ್ಟೋ ಊರುಗಳ ಪಟ್ಟಿಯಲ್ಲಿ ಸತ್ತವರು ಹಾಗೇ ಉಳಿದಿದ್ದರು, ಅವರ ಹೆಸರಿನಲ್ಲಿ ಮತವೂ ಬೀಳುತ್ತಿತ್ತು. ಜನ ಸಿಟ್ಟಿಗೆದ್ದಿದ್ದರು. ಮೇಲಿನವರು ಯೋಚಿಸಿ ಒಂದು ದಾರಿ ಹುಡುಕಿದರು: ಹೆಸರುಗಾರರಿಗೆ ಇನ್ನು ತಿಂಗಳ ಸಂಬಳವಿಲ್ಲ, ತೆಗೆದ ಪ್ರತಿ ಹೆಸರಿಗೆ ಇಷ್ಟು ಎಂದು ಕೂಲಿ. ಸೇರಿಸುವುದಕ್ಕೆ ಏನೂ ಇಲ್ಲ. ಇದ್ದದ್ದನ್ನು ಸರಿಯಾಗಿ ಇಟ್ಟುಕೊಳ್ಳುವುದಕ್ಕೂ ಏನೂ ಇಲ್ಲ. ಮೂರು ಸಲ ಹೋದಾಗಲೂ ಮನೆಗೆ ಬೀಗ ಕಂಡರೆ, ಇಲ್ಲವೆ ಹೊರಗೆ ದುಡಿಯುವ ಕೂಲಿಗಳ ಯಾದಿಯಲ್ಲಿ ಹೆಸರು ಕಂಡರೆ, ಅವರನ್ನು ಊರು ಬಿಟ್ಟವರೆಂದು ತೆಗೆಯಬಹುದು. ನಿಯಮ ಎಲ್ಲರಿಗೂ ಒಂದೇ ಆಗಿತ್ತು. ಆದರೆ ಮೇಲೋಣಿಯವರು ಬಿಸಿಲು ಹೊಲಕ್ಕೆ ಹೋಗುತ್ತಿರಲಿಲ್ಲ.

ಹುಲಿಗೆಮ್ಮ ಮೊದಲು ಸತ್ತವರನ್ನು ತೆಗೆದಳು. ಅಂಥ ಹೆಸರುಗಳೇ ಕಡಿಮೆ. ಅವಳ ಪಟ್ಟಿ ಯಾವತ್ತೂ ಚೊಕ್ಕವಾಗಿತ್ತು. ಪಕ್ಕದ ಊರುಗಳಲ್ಲಿ ಕೆಲಸಗೇಡಿ ಹೆಸರುಗಾರರು ಹಳೆಯ ಕಸ ತೆಗೆದು ಕೈತುಂಬ ಕೂಲಿ ಎಣಿಸಿಕೊಂಡರು. ಇವಳಿಗೆ ಎರಡೇ ತಿಂಗಳಿಗೆ ಏನೂ ಉಳಿಯಲಿಲ್ಲ. ಯಂತ್ರದ ಬಾಡಿಗೆಯವನು ಬಾಗಿಲಿಗೆ ಬಂದು ಕೂತ. ಆ ಚಳಿಗಾಲದಲ್ಲಿ ನಾನು ಬಾಣಂತಿ, ಬಿಸಿಲು ಹೊಲಕ್ಕೆ ಹೋಗದೆ ಮನೆಯಲ್ಲೇ ಇದ್ದೆ. ಅವಳು ಬೀಗ ಹಾಕಿದ ಬಾಗಿಲುಗಳ ಮುಂದೆ ನಿಂತು ನಿಂತು ಮುಂದೆ ಹೋಗುವುದನ್ನು ಕಿಟಕಿಯಿಂದ ನೋಡಿದ್ದೇನೆ. ಯಾಕೆಂದು ನನಗೆ ಆಗ ತಿಳಿಯಲಿಲ್ಲ. ನೆಂಟರ ಮನೆ ನೋಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ.

ಆಮೇಲೆ ಅವಳೇ ಹೇಳಿದ್ದು: ಮಂದಿ ಮರಳಿದ ಕೂಡಲೇ ತೆಗೆದವರನ್ನೆಲ್ಲ ಮತ್ತೆ ಸೇರಿಸಿಬಿಡೋಣ ಎಂದುಕೊಂಡಿದ್ದಳಂತೆ. ಮರಳಿದರು. ಅವಳು ಅರ್ಜಿಗಳನ್ನು ಹಿಡಿದು ಶುದ್ಧಿ ಕಚೇರಿಯ ಜಂಬಣ್ಣನ ಬಳಿಗೆ ಹೋದಳು. ಜಂಬಣ್ಣ ಕೆಟ್ಟ ಮನುಷ್ಯನಲ್ಲ. ಕುರ್ಚಿ ಕೊಟ್ಟು ಕೂರಿಸಿ, ಆದೇಶದ ಕೊನೆಯ ಪುಟ ಓದಿ ಹೇಳಿದ.

"ನೋಡು ಹುಲಿಗೆಮ್ಮಾ, ತೆಗೆದ ಹೆಸರು ಮತ್ತ ಸೇರಿಸಿದ್ರ, ಮೊದಲು ತೆಗೆದದ್ದು ತಪ್ಪು ಅಂದಂಗಾತು. ತಪ್ಪಿಗೆ ದಂಡ ಐತಿ. ತಗೊಂಡ ಕೂಲಿಯ ಎರಡರಷ್ಟು ಕಟ್ಟಬೇಕು."

"ಅವರು ಇದ್ದಾರಲ್ರೀ ಸಾಹೇಬ್ರ. ಕಣ್ಣಮುಂದ ಓಡಾಡಾಕ ಹತ್ಯಾರ."

"ಇದ್ದಾರ ಅಂತ ನನಗೂ ಗೊತ್ತೈತಿ. ನಾ ಏನ್ ಮಾಡ್ಲಿ? ಹಿಂಗ ಬರೆದು ಕಳಿಸ್ಯಾರ."

ಕೂಲಿ ಅಷ್ಟೂ ಆಗಲೇ ಉಸಿರು ಯಂತ್ರಕ್ಕೆ ಹೋಗಿತ್ತು. ಅವಳು ಅರ್ಜಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದಳು. ಯಾರಿಗೂ ಹೇಳಲಿಲ್ಲ. ಮುಂದಿನ ಮತಕ್ಕೆ ಇನ್ನೂ ಎರಡು ವರ್ಷವಿದೆ, ಅಷ್ಟರಲ್ಲಿ ಹೇಗಾದರೂ ಮಾಡಿ ಕಟ್ಟಿಬಿಡೋಣ ಎಂಬ ಧೈರ್ಯವಿತ್ತು. ನಾವೂ ಯಾರೂ ಪಟ್ಟಿ ನೋಡಲು ಹೋಗಲಿಲ್ಲ. ಹೆಸರು ಹುಲಿಗೆಮ್ಮನ ಕೈಯಲ್ಲಿದೆ ಎಂದರೆ ಬ್ಯಾಂಕಿನಲ್ಲಿಟ್ಟ ಹಾಗೆ ನಮಗೆ.

ಆದರೆ ಆ ವೈಶಾಖದಲ್ಲೇ ತಗ್ಗಿನ ಓಣಿಯ ಕೊಳವೆ ಒಡೆಯಿತು. ಅದನ್ನು ಹೊಸದಾಗಿ ಹಾಕುವುದೋ, ಮುಚ್ಚಿಬಿಟ್ಟು ಬಂಡಿಯಲ್ಲಿ ನೀರು ಕಳಿಸುವುದೋ ಎಂದು ನೀರ್ಸಭೆ ಊರಿನ ಮತಕ್ಕೆ ಹಾಕಿತು. ಹೊಸ ಕೊಳವೆಗೆ ಎಲ್ಲರೂ ತೆರಿಗೆ ಕೊಡಬೇಕಿತ್ತು, ಮೇಲೋಣಿಯವರಿಗೆ ಮನಸ್ಸಿರಲಿಲ್ಲ. ನಮ್ಮವರು ಹೆದರಲಿಲ್ಲ. ಊರಿನಲ್ಲಿ ನಮ್ಮ ತಲೆಗಳೇ ಹೆಚ್ಚು.

ಮತದ ದಿನ ಶಾಲೆಯ ಮುಂದೆ ನಸುಕಿನಲ್ಲೇ ಸಾಲು. ಮುಂದೆ ನನ್ನ ಅವ್ವ, ಹಿಂದೆ ಅಪ್ಪ, ನನ್ನ ಗಂಡ, ಮಗುವನ್ನು ಎತ್ತಿಕೊಂಡ ನಾನು. ಬೇರೆ ತಾಲೂಕಿನಿಂದ ಬಂದ ಅಧಿಕಾರಿ ಪಟ್ಟಿ ನೋಡಿದ, ಪುಟ ಮಗುಚಿದ, ಮತ್ತೆ ನೋಡಿದ.

"ನಿಮ್ಮ ಹೆಸರು ಇಲ್ಲಮ್ಮ."

"ಸರಿಯಾಗಿ ನೋಡ್ರಿ. ಗಾಳೆಮ್ಮ. ತಗ್ಗಿನ ಓಣಿ."

"ಇಲ್ಲ. ಮುಂದಿನವರು ಬನ್ನಿ."

ಅಪ್ಪನ ಹೆಸರೂ ಇರಲಿಲ್ಲ. ನನ್ನ ಗಂಡನದೂ ಇರಲಿಲ್ಲ. ಗುರುತು ಹಿಡಿಯಲೆಂದು ಪಕ್ಕದ ಬೆಂಚಿನ ಮೇಲೆ ಹುಲಿಗೆಮ್ಮ ಕೂತಿದ್ದಳು. ಅವ್ವನಿಗೆ ಅವಳ ಮೇಲೆ ಒಂದಿಷ್ಟೂ ಅನುಮಾನವಿರಲಿಲ್ಲ. ಸಹಾಯಕ್ಕೆಂದೇ ಅವಳ ಕಡೆ ತಿರುಗಿದಳು.

"ಏ ಹುಲಿಗಿ, ನೀನಾದ್ರೂ ಹೇಳ ಇವರಿಗೆ. ನಾ ಯಾರು ಅಂತ ಹೇಳು."

ಹುಲಿಗೆಮ್ಮ ಎದ್ದು ನಿಂತಳು. "ಇಕಿ ಗಾಳೆಮ್ಮ" ಎಂದಳು ಅಧಿಕಾರಿಗೆ. "ಹುಟ್ಟಿದಾಗಿಂದ ಇಲ್ಲೇ ಅದಾಳ. ಇಕಿ ಹೆಸರು ನಾನಾ ತೆಗೆದೀನಿ."

ಸಾಲಿನಲ್ಲಿ ಹಿಂದೆ ನಿಂತವರಿಗೆ ಕೇಳಿಸಿರಲಿಲ್ಲ. ಏನಂತೆ, ಏನಂತೆ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಅವ್ವ "ಯಂತ್ರಕ್ಕ ದುಡ್ಡು ಕೇಳಿದ್ರ ನಾನಾ ಕೊಡ್ತಿದ್ನಲ್ಲ ಹುಲಿಗಿ" ಎಂದಳು. ಅಷ್ಟೇ. ಬೈಗುಳವೇನಾದರೂ ಬಿದ್ದಿದ್ದರೆ ಹುಲಿಗೆಮ್ಮ ತಾಳಿಕೊಳ್ಳುತ್ತಿದ್ದಳೇನೋ. ಆ ಮಾತಿನ ಮೇಲೆ ಅವಳು ಬೆಂಚಿನಲ್ಲಿ ಕೂರಲಾರದೆ ಮನೆಗೆ ಹೊರಟುಬಿಟ್ಟಳು.

ನಮ್ಮ ಮನೆಯಲ್ಲಿ ಹೆಸರಿದ್ದದ್ದು ನನ್ನೊಬ್ಬಳದೇ, ಬಾಗಿಲಿಗೆ ಬೀಗ ಬಿದ್ದಿರದ ಕಾರಣ. ಉಳಿದವರದು ಹೊರಗೆ ದುಡಿಯುವ ಕೂಲಿಗಳ ಯಾದಿಯಲ್ಲಿ ಕಂಡಿತ್ತಂತೆ. ಒಳಗೆ ಹೋಗಿ ಮತ ಹಾಕಿ ಹೊರಗೆ ಬಂದೆ. ಸಾಲು ಆಗಲೇ ಚದುರುತ್ತಿತ್ತು. ಸಂಜೆ ಎಣಿಕೆಯಲ್ಲಿ ಸೋತೆವು. ಬಿಸಿಲು ಹೊಲದಿಂದ ಬಂದವರಲ್ಲಿ ಅರ್ಧ ಜನ ಮತ ಹಾಕಿದ್ದರೂ ಗೆಲ್ಲುತ್ತಿದ್ದೆವು.

ಕೊಳವೆ ಮುಚ್ಚಿದರು. ಮೊದಲು ಬಂಡಿ ದಿನವೂ ಬಂತು, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ಬಂದಾಗ ಬಂತು. ಉರಿಮಾಸದಲ್ಲಿ ನೀರಿಲ್ಲದ ಮನೆ ಹೇಗಿರುತ್ತದೆಂದು ನಿಮಗೆ ಹೇಳುವುದು ಕಷ್ಟ. ಹಸಿಬಟ್ಟೆ ಕಟ್ಟದ ಕಿಟಕಿಯಿಂದ ಬರುವ ಗಾಳಿ ಕಣ್ಣಿನ ರೆಪ್ಪೆ ಸುಡುತ್ತದೆ. ಮಕ್ಕಳು ಅಳುವುದನ್ನು ನಿಲ್ಲಿಸುತ್ತವೆ. ಅಳು ನಿಂತಾಗಲೇ ತಾಯಂದಿರು ಹೆದರುವುದು. ಮೊದಲು ಹೋದವನು ಕೊಟ್ರಪ್ಪ. ಉಸಿರು ಯಂತ್ರಕ್ಕೂ ತಣ್ಣೀರು ಬೇಕಿತ್ತು. ಅವನ ಹೆಣ ತೊಳೆಯಲು ಹುಲಿಗೆಮ್ಮನ ಮನೆಯಲ್ಲಿ ನೀರಿರಲಿಲ್ಲ. ಮತದ ದಿನದಿಂದ ಅವಳ ಹೊಸ್ತಿಲು ತುಳಿಯದ ಅವ್ವ, ನಮ್ಮ ಪಾಲಿನ ಬಿಂದಿಗೆ ಹೊತ್ತು ಹೋಗಿ, ತಾನೇ ನಿಂತು ತೊಳೆದು ಬಂದಳು. ಆ ತಿಂಗಳಲ್ಲಿ ಅವನ ಹಿಂದೆ ಇನ್ನೂ ಹಲವರು ಹೋದರು. ನನ್ನ ಮಗು ಉಳಿಯಿತು.

ಗಂಡನನ್ನು ಮಣ್ಣು ಮಾಡಿದ ಮೇಲೆ ಹುಲಿಗೆಮ್ಮ ಹೆಸರು ಸೇರಿಸತೊಡಗಿದಳು. ಕಾಲುಗೆಜ್ಜೆ ಮಾರಿದಳು, ಮನೆಯ ನೆರಳು ತಗಡು ಬಿಚ್ಚಿ ಮಾರಿದಳು, ಮೇಲೋಣಿಯಲ್ಲಿ ಮುಸುರೆ ತಿಕ್ಕಿದಳು. ಕೈಗೆ ಬಂದದ್ದನ್ನು ಜಂಬಣ್ಣನ ಕಚೇರಿಯಲ್ಲಿ ದಂಡ ಕಟ್ಟಿ ಒಬ್ಬೊಬ್ಬರನ್ನೇ ಮತ್ತೆ ಪಟ್ಟಿಗೆ ತಂದಳು. ಒಮ್ಮೆ ಜಂಬಣ್ಣ ತಡೆಯಲಾರದೆ, "ಸಾಕು ಬಿಡ ತಾಯಿ, ಆ ಮಂದಿ ಊರು ಬಿಡಾಕ ಹತ್ಯಾರ" ಎಂದನಂತೆ. ಅದು ನಿಜವಾಗಿತ್ತು. ನೀರಿಲ್ಲದ ಓಣಿಯಿಂದ ಬಂಡಿಗಳು ಹೊರಡುತ್ತಿದ್ದವು. ಅವಳು ಓಡಿ ಬಂದು ಬಂಡಿಯ ಹಲಗೆ ಹಿಡಿದು, "ನಿನ್ನ ಹೆಸರು ಸೇರಿಸೀನಿ ಯಪ್ಪಾ, ಈಗ ಐತಿ" ಎನ್ನುತ್ತಿದ್ದಳು. ನಮ್ಮ ಎದುರುಮನೆಯ ದುರುಗಪ್ಪ ಹಗ್ಗ ಬಿಗಿಯುತ್ತಲೇ ಹೇಳಿದ: "ಹೆಸರು ಇಲ್ಲಿಟ್ಟು ನಾವು ಎಲ್ಲಿರೋಣಕ್ಕಾ?"

ನಾವು ಹೊರಟ ದಿನ ಅವ್ವ ಬಂಡಿಯಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿ, "ಹತ್ತು" ಎಂದಳು. ಹುಲಿಗೆಮ್ಮ ತಲೆಯಾಡಿಸಿದಳು. "ಇನ್ನೂ ಮಂದಿ ಉಳಿದಾರ, ಗಾಳೆಮ್ಮ. ಎಲ್ಲಾರದೂ ಆಗಿಲ್ಲ." ಮುಂದಿನ ಉರಿಮಾಸ ಅವಳು ದಾಟಲಿಲ್ಲ ಎಂದು ಕೇಳಿದೆವು. ಆ ಹೊತ್ತಿಗೆ ಪಟ್ಟಿಯಲ್ಲಿ ನಾವೆಲ್ಲ ಇದ್ದೆವು, ಓಣಿಯಲ್ಲಿ ಯಾರೂ ಇರಲಿಲ್ಲ. ಅವಳ ಜಾಗಕ್ಕೆ ಬಂದ ಹೊಸ ಹೆಸರುಗಾರ ಮನೆಮನೆಗೆ ಹೋಗಿ ನೋಡಿ ಅಷ್ಟೂ ಹೆಸರುಗಳನ್ನು ತೆಗೆದ. ಈ ಸಲ ತಪ್ಪೇನೂ ಇರಲಿಲ್ಲ. ಅದೇ ಹೆಸರುಗಳಿಗೆ ಸರಕಾರ ಎರಡನೆಯ ಸಲ ಕೂಲಿ ಕೊಟ್ಟಿತು.

ಹಿರಿಯರೇ, ಪಟ್ಟಿ ಹಿಡಿದು ನಿಮ್ಮ ಬಾಗಿಲಿಗೂ ಒಬ್ಬರು ಬರುತ್ತಾರೆಂದು ಓದಿದ್ದೇನೆ. ಅವರನ್ನು ಕೂರಿಸಿ, ನೀರು ಕೊಡಿ. ಅವರಿಗೆ ದುಡ್ಡು ಕೊಡುವುದು ಯಾವುದಕ್ಕೆ ಎಂದು ಕೇಳಿ. ಉತ್ತರ ಸರಿ ಕಾಣದಿದ್ದರೆ ಅವರ ಮೇಲೆ ಸಿಟ್ಟಾಗಬೇಡಿ, ಹಾಗೆ ಕೊಡಲು ನಿಶ್ಚಯಿಸಿದವರ ಬಳಿಗೆ ಹೋಗಿ. ನಿಮಗೆ ಇನ್ನೂ ಕಾಲವಿದೆ. ನಾವು ಆ ಹೊತ್ತಿಗೆ ಕೇಳಲಿಲ್ಲ.

ಶುದ್ಧಿ ಆದೇಶ ಈ ವರ್ಷ ನಾವು ಬಂದು ನೆಲೆಸಿದ ಈ ಕ್ಯಾಂಪಿಗೂ ಬಂದಿದೆ. ಹೆಸರುಗಾರ್ತಿಯ ಕೆಲಸ ಮೂರನೆಯ ಸಾಲಿನ ರುದ್ರವ್ವನಿಗೆ ಸಿಕ್ಕಿತು. ಗಂಡ ಬಿಟ್ಟವಳು, ಕಂಕುಳಲ್ಲಿ ಕೂಸು, ಮಾತು ಬಹಳ ಮೆದು. ನಿನ್ನೆ ಹೊತ್ತು ಇಳಿದ ಮೇಲೆ ಬಂದು ನಮ್ಮ ಜಗಲಿಯ ಮೇಲೆ ಕೂತು, ಅವ್ವ ಕೊಟ್ಟ ಮಜ್ಜಿಗೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದಳು:

"ಬಿಸಿಲು ಹೊಲಕ್ಕ ಯಾವಾಗ ಹೊಂಡ್ತೀರಿ, ಅಜ್ಜಿ?"

ಅವ್ವ ಅವಳ ಕೂಸಿನ ತಲೆ ಸವರಿದಳು. ಒಳಗೆ ಜೋಳ ತುಂಬಿಡುವ ವಾಡೆ ಅರ್ಧವೂ ಇಲ್ಲವೆಂದು, ಹೊಲಕ್ಕೆ ಹೋಗದೆ ಅದು ತುಂಬುವುದಿಲ್ಲವೆಂದು ನನಗೆ ಗೊತ್ತು, ಅವ್ವನಿಗೂ ಗೊತ್ತು.

"ಈ ವರ್ಷ ನಾವು ಯಾರೂ ಹೋಗಂಗಿಲ್ಲವ್ವಾ" ಎಂದಳು. "ಮನ್ಯಾಗ ಇರ್ತೀವಿ."

ನಿಮ್ಮ
ಪಂಪಮ್ಮ