ಕೆಂಪು ಐದು, ಹಸಿರು ಮೂರು

29 ಸೆಪ್ಟೆಂಬರ್ 1998, ಮಂಗಳವಾರ

ಹಾಲಿನವನು ಇವತ್ತೂ ಲೇಟು. ಟ್ಯೂಷನ್ ಮಕ್ಕಳನ್ನು ಕೂರಿಸಿ ಕಾಫಿಗೆ ಎದ್ದರೆ ರುದ್ರೇಶ್ ಪೇಪರ್ ಹಿಡಿದು ಅಡುಗೆಮನೆಗೇ ಬಂದರು. "ನೋಡೇ ಹೇಮಾ, ಜರ್ಮನಿಯವರು ನಿಮ್ಮ ಪಂಚಾಯ್ತಿನ ಕಾಪಿ ಹೊಡೀತಿದಾರೆ. ಕಾರ್ಮಿಕರ ಪಾರ್ಟಿ, ಪರಿಸರದ ಪಾರ್ಟಿ ಸೇರಿ ಸರ್ಕಾರ ಮಾಡ್ತಾರಂತೆ!" ಪೀಣ್ಯದಲ್ಲಿ ಅವರ ಫ್ಯಾಕ್ಟರಿಗೆ ಜರ್ಮನ್ ಮೆಷಿನ್ ಬರುತ್ತವೆ. ಹಾಗಾಗಿ ಆ ದೇಶ ಇವರಿಗೆ ಮಾವನ ಮನೆ.

ಖುಷಿಯಾಯಿತು, ಸುಳ್ಳೇಕೆ. ನಮ್ಮಲ್ಲಿ ಹದಿನೈದು ಸದಸ್ಯರು. ಊರಿನ ಕ್ರೋಮ್ ಪ್ಲೇಟಿಂಗ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಚಿನ್ನಪ್ಪನವರ ಯೂನಿಯನ್ ಕಡೆ ಐದು. ಕೆರೆ ಸಮಿತಿ ಮೂರು — ನಾನು, ರಿಟೈರ್ಡ್ ಮೇಷ್ಟ್ರು ಪಂಚಾಕ್ಷರಿ, ಗೌರಮ್ಮ. ಉಳಿದ ಏಳು ಶ್ಯಾಮಣ್ಣನವು. ಅಧ್ಯಕ್ಷನಾಗಿದ್ದಷ್ಟು ದಿನ ಕೆರೆ ಅಂಗಳದಲ್ಲೇ ಸೈಟಿನ ಕಲ್ಲು ನೆಡಿಸಿದ ಮಹಾನುಭಾವ. ಅವನು ಅಧ್ಯಕ್ಷಗಿರಿಗೆ ರಾಜೀನಾಮೆ ಕೊಟ್ಟ ಮೇಲೆ ಐದೂ ಮೂರೂ ಕೂಡಿ ಎಂಟಾಯಿತು, ಚಿನ್ನಪ್ಪನವರು ಅಧ್ಯಕ್ಷರಾದರು. ಊರಲ್ಲಿ ನಮಗೆ ಕೆಂಪು-ಹಸಿರು ಅಂತ ಹೆಸರು. ಹಸಿರು ಅಂದರೆ ರೈತಸಂಘ ಅಂದುಕೊಂಡು "ಶಾಲು ಎಲ್ಲಿ ಮೇಡಂ?" ಅಂತಾರೆ.

ಕರಾರು ಅರ್ಧ ಹಾಳೆ. ಶೆಡ್ಡಿನಲ್ಲಿರುವ ಕಾರ್ಮಿಕರಿಗೆ ಮನೆಜಾಗದ ಹಕ್ಕುಪತ್ರ ಕೊಡಲು ನಾವು ಕೈ ಎತ್ತಬೇಕು. ಅವರ ಫ್ಯಾಕ್ಟರಿಯ ಕೊಳಕು ನೀರು, ಶುದ್ಧ ಮಾಡುವ ಟ್ಯಾಂಕ್ ಕಟ್ಟುವವರೆಗೆ, ಕೆರೆಗೆ ಬಿಡದ ಹಾಗೆ ಅವರು ನೋಡಿಕೊಳ್ಳಬೇಕು. ಅಷ್ಟೇ.

14 ಅಕ್ಟೋಬರ್, ಸಂಜೆ 6

ಮೀಟಿಂಗ್ ಚೆನ್ನಾಗಾಯಿತು. ಶ್ಯಾಮಣ್ಣನ ಕಡೆಯವರು ಒಬ್ಬರೂ ಬರಲಿಲ್ಲ. ಎಂಟು ಜನವಾದರೂ ಇರಲೇಬೇಕು, ಇಲ್ಲದಿದ್ದರೆ ಸಭೆಯೇ ಇಲ್ಲ — ಸರಿಯಾಗಿ ಎಂಟೇ ಜನ. ಸೆಕ್ರೆಟರಿ ಯಂಕಪ್ಪ ಎಂದಿನಂತೆ ಮೊದಲೇ ನಡವಳಿ ಪುಸ್ತಕ ಸುತ್ತಿಸಿದ. ಇಲ್ಲಿನ ಪದ್ಧತಿ ಇದು — ಖಾಲಿ ಪುಟದ ಕೆಳಗೆ ಎಲ್ಲರ ಸಹಿ, ನಿರ್ಣಯ ಬರೆಯುವುದು ಆಮೇಲೆ, ಅವನಿಗೆ ಬಿಡುವಾದಾಗ. ಮೊದಮೊದಲು ತಕರಾರು ತೆಗೆದಿದ್ದೆ. "ಎಲ್ಲಾ ಪಂಚಾಯ್ತೀಲೂ ಇಂಗೇ ಮೇಡಂ" ಅಂದಿದ್ದ. ಈಗ ಅಭ್ಯಾಸವಾಗಿದೆ.

ಟ್ಯಾಂಕ್ ಮೊದಲು, ಫ್ಯಾಕ್ಟರಿಯ ಹೊಸ ಪ್ಲೇಟಿಂಗ್ ಲೈನಿಗೆ ಲೈಸೆನ್ಸ್ ಆಮೇಲೆ ಅಂತ ತೀರ್ಮಾನ. ಚಿನ್ನಪ್ಪನವರೇ ಬಾಯಿಬಿಟ್ಟು ಹೇಳಿದರು. ದೊಡ್ಡ ಮನುಷ್ಯ. ಬರುವಾಗ ಕೆರೆ ಏರಿ ಮೇಲೆ ಪಿಳ್ಳಮ್ಮ ಸಿಕ್ಕಿದಳು. ಆ ನೀರಲ್ಲೇ ಸೊಪ್ಪು ಬೆಳೆದು ಯಶವಂತಪುರಕ್ಕೆ ಹಾಕುವವಳು. ವಿಷಯ ಹೇಳಿದೆ. "ನಿನ್ ಹೊಟ್ಟೆ ತಣ್ಣಗಿರ್ಲಿ ಟೀಚರಮ್ಮ" ಅಂದು ಎರಡು ಕಟ್ಟು ದಂಟು ಕೈಗಿಟ್ಟಳು.

28 ಅಕ್ಟೋಬರ್

ಜರ್ಮನಿಯಲ್ಲಿ ನಿನ್ನೆ ಪ್ರಮಾಣವಚನ ಅಂತೆ. ಹಾಳಾಗಿ ಹೋಗಲಿ.

ಸಮಿತಿಯ ಫೈಲಿಗೆ ಬೇಕು ಅಂತ ನಿರ್ಣಯದ ನಕಲು ಕೇಳಲು ಹೋಗಿದ್ದೆ. ಯಂಕಪ್ಪ ಅತ್ತ ಇತ್ತ ನೋಡಿದ. ಬೀಗದ ಕೈ ಸಿಗ್ತಿಲ್ಲ ಅಂದ. ಕೂತೇ ಇದ್ದೆ. ಕೊನೆಗೆ ಪುಸ್ತಕ ತೆಗೆದ.

"ಲೈಸೆನ್ಸ್ ಕೂಡಲೇ ನೀಡಲು, ಒಂದು ವರ್ಷದೊಳಗೆ ಟ್ಯಾಂಕ್ ನಿರ್ಮಿಸಿಕೊಳ್ಳಲು ಸೂಚಿಸಿ, ಸರ್ವಾನುಮತದಿಂದ ಅಂಗೀಕರಿಸಲಾಯಿತು."

ಕೆಳಗೆ ನನ್ನ ಸಹಿ.

"ಇದನ್ನ ಯಾರ್ ಬರೆಸಿದ್ದು?"

"ಅಧ್ಯಕ್ಷರು ಹೇಳಿದ್ರು, ಬರ್ದೆ. ಬೇಕಾದ್ರೆ ಕಂಪ್ಲೇಂಟ್ ಕೊಡಿ ಮೇಡಂ. ಖಾಲಿ ಪುಟಕ್ಕೆ ಸಹಿ ಹಾಕಿದ್ದೆ ಅಂತ ನೀವೇ ಬರ್ಕೊಡ್ಬೇಕಾಗ್ತದೆ."

ನಗಲೂ ಇಲ್ಲ ಪಾಪ. ನಕ್ಕಿದ್ದರೆ ನಾಲ್ಕು ಬೈಯಬಹುದಿತ್ತು.

29 ಅಕ್ಟೋಬರ್

ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಚಿನ್ನಪ್ಪನನ್ನು ಹಿಡಿದೆ. ತಲೆ ತಪ್ಪಿಸಲಿಲ್ಲ. ಟೀ ಹೇಳಿದ. ಕುಡಿಯಲಿಲ್ಲ ನಾನು.

"ಓನರ್ ಫ್ಯಾಕ್ಟರಿ ಎತ್ಕೊಂಡು ಹೊಸೂರಿಗೆ ಹೋಗ್ತೀನಿ ಅಂತ ಕೂತ್ಬಿಟ್ಟ ಮೇಡಂ. ಎಪ್ಪತ್ತು ಮನೆ. ನೀರು ನಾಳೆ ಕ್ಲೀನ್ ಮಾಡ್ಬೋದು, ಹೋದ ಕೆಲ್ಸ ಎಲ್ಲಿಂದ ತರ್ಲಿ?"

"ನನ್ನನ್ನ ಒಂದು ಮಾತು ಕೇಳ್ಬೋದಿತ್ತು."

"ಕೇಳಿದ್ರೆ ಬೇಡ ಅಂತಿದ್ರಿ."

ನಿಜ, ಅಂತಿದ್ದೆ. ಅದಕ್ಕೇ ತಾನೇ ಕೇಳಬೇಕಾಗಿದ್ದು! ಎಪ್ಪತ್ತು ಮನೆಯ ಮಾತೂ ಸುಳ್ಳಲ್ಲ — ಅದೇ ಹೊಟ್ಟೆ ಉರಿಸುತ್ತದೆ. ಕಳ್ಳನಾಗಿದ್ದರೆ ಉಗಿದು ಬರುತ್ತಿದ್ದೆ.

1 ನವೆಂಬರ್, ಭಾನುವಾರ

ರಾಜ್ಯೋತ್ಸವದ ಬಾವುಟ ಹಾರಿಸಿ ಮೂವರೂ ನಮ್ಮನೆಯಲ್ಲಿ ಸೇರಿದೆವು. ಬೆಂಬಲ ವಾಪಸ್ ತಗೊಳ್ಳೋಣ ಅಂದೆ. ಮೇಷ್ಟ್ರು ಕನ್ನಡಕ ಒರೆಸುತ್ತಾ ಕೂತರು. "ತಗೊಂಡ್ರೆ ಯಾರ್ ಬರ್ತಾರೆ ಹೇಳಮ್ಮ? ಶ್ಯಾಮಣ್ಣ. ಇವ್ರು ನೀರು ಕೆಡಿಸ್ತಾರೆ, ಅವನು ಕೆರೇನೇ ಮಾರ್ತಾನೆ." ಗೌರಮ್ಮನ ತಮ್ಮ ಅದೇ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ, ಹೋದ ವಾರ. ಇವತ್ತೇ ಹೇಳಿದಳು.

ಕಂಪ್ಲೇಂಟ್ ಬರೆಯಲು ಕೂತೆ. ಮೂರು ಸಲ. "ಖಾಲಿ ಪುಟಕ್ಕೆ" ಅನ್ನುವಲ್ಲಿ ಪೆನ್ನು ನಿಲ್ಲುತ್ತದೆ. ಮಕ್ಕಳಿಗೆ ಓದದೆ ಸಹಿ ಹಾಕಬೇಡಿ ಅಂತ ಹೇಳಿಕೊಡುವ ಟೀಚರು ನಾನು. ಹರಿದು ಹಾಕಿದೆ. ನಾಚಿಕೆ, ಬೇರೇನಲ್ಲ.

15 ನವೆಂಬರ್

ಹಕ್ಕುಪತ್ರದ ಫಂಕ್ಷನ್. ಸ್ಟೇಜಿನ ಮೇಲೆ ನನಗೂ ಹಾರ, ಚಿನ್ನಪ್ಪನ ಪಕ್ಕದ ಕುರ್ಚಿ. "ಕೆರೆ ಸಮಿತಿಯ ಸಹಕಾರದಿಂದ" ಅಂದ ಮೈಕಿನಲ್ಲಿ. ಜನ ಚಪ್ಪಾಳೆ ತಟ್ಟಿದರು. ಒಬ್ಬಳು ಪತ್ರವನ್ನು ಕಣ್ಣಿಗೊತ್ತಿಕೊಂಡು ಅತ್ತೇಬಿಟ್ಟಳು. ಅವಳಿಗೋಸ್ಕರ ಸಂತೋಷ. ನನ್ನ ಮೇಲೆ ಅಸಹ್ಯ. ಎರಡೂ ಒಟ್ಟಿಗೇ ಇದ್ದವು.

ರುದ್ರೇಶ್ ಈಗ ಜರ್ಮನಿ ಸುದ್ದಿ ಎತ್ತುವುದಿಲ್ಲ. ಪೇಪರ್ ಮಡಿಸಿ ಇಡುತ್ತಾರೆ.

5 ಡಿಸೆಂಬರ್

ಏರಿ ದಾರಿ ಬಿಟ್ಟು ಮೇನ್ ರೋಡಿನಲ್ಲಿ ಓಡಾಡುತ್ತಿದ್ದೇನೆ, ಮೂರು ವಾರದಿಂದ. ಇವತ್ತು ಬಸ್ಸಿನಲ್ಲಿ ಯಾರೋ ಹೇಳಿದರು, ಮೀನು ತೇಲ್ತಿವೆ ಅಂತ. ಕಿಟಕಿ ಕಡೆ ತಿರುಗಿ ಕೂತೆ.

6 ಡಿಸೆಂಬರ್, ಮಧ್ಯಾಹ್ನ

ಪಿಳ್ಳಮ್ಮ ಮನೆಗೇ ಬಂದಿದ್ದಳು. ಚಾಪೆ ಹಾಕಿದೆ, ಕೂರಲಿಲ್ಲ. ಕೊತ್ತಂಬರಿ ಮಡಿಯೆಲ್ಲ ಬಿಳುಚಿಕೊಂಡು ಒಣಗಿದೆಯಂತೆ. ಮಾರ್ಕೆಟ್ಟಿನಲ್ಲಿ ಮೂಸಿ ನೋಡಿ ವಾಪಸ್ ಕೊಡುತ್ತಾರಂತೆ. ಸೆರಗಿನಿಂದ ಆ ನಿರ್ಣಯದ ಜೆರಾಕ್ಸ್ ತೆಗೆದಳು. ಶ್ಯಾಮಣ್ಣ ಮನೆಮನೆಗೆ ಹಂಚಿಸಿದ್ದಾನೆ. ಸಭೆಗೇ ಬರದವನ ಕೈ ಈಗ ಚೊಕ್ಕಟ.

"ನಂಗೆ ಓದಕ್ಕೆ ಬರಲ್ವಲ್ಲ. ಅವ್ನು ಏನೇನೋ ಅಂತಾನೆ, ನಾನು ನಂಬಾಕಿಲ್ಲ. ನೀನೇ ಓದಮ್ಮ. ಯಾರ್ಯಾರು ಸೈನು ಆಕವ್ರೆ, ಒಬ್ಬೊಬ್ರುನ್ನೇ ಏಳು. ಅವ್ರ ಬಾಗ್ಲಿಗೋಗಿ ಮಣ್ ತೂರ್ತೀನಿ."

ಓದಿದೆ. ಚಿನ್ನಪ್ಪ. ಅವನ ಕಡೆಯ ನಾಲ್ವರು. ಪಂಚಾಕ್ಷರಿ. ಗೌರಮ್ಮ. ಒಂದೊಂದು ಹೆಸರಿಗೂ ಒಂದೊಂದು ಬೆರಳು ಮಡಿಸಿದಳು.

ಆಮೇಲೆ ಹಾಳೆಯ ಮೇಲೆ ಬೆರಳಿಟ್ಟಳು. "ಏಳಾಯ್ತು. ಇಲ್ಲಿ ಕೊನೇಲಿ ದುಂಡುಗೆ ಬರದವ್ರಲ್ಲ, ಇದ್ಯಾರ್ದವ್ವ?"

"ನಂದು" ಅಂದೆ.