ಜಗುಲಿಯಿಲ್ಲದ ಮನೆ

ತಿಪಟೂರು
ಜೂನ್ 22, ಭಾನುವಾರ

ಪ್ರೀತಿಯ ಅಪ್ಪಾ,

ಮಂಡಿ ನೋವು ಹೇಗಿದೆ? ಬಿ.ಪಿ. ಮಾತ್ರೆ ಅಮ್ಮ ಕೈಗೆ ಕೊಟ್ಟರಷ್ಟೇ ನುಂಗುತ್ತೀಯೋ, ಈಗಲಾದರೂ ನೀನೇ ನೆನಪಿಟ್ಟುಕೊಂಡಿದ್ದೀಯೋ? ಮದುವೆಯಾದಾಗಿನಿಂದ ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಇಂಗ್ಲಿಷ್ ಮೀಡಿಯಮ್ಮಿಗೆ ಸೇರಿಸಿದವನು ನೀನೇ, ಒತ್ತಕ್ಷರ ತಪ್ಪಿದರೆ ಬೈಯುವಂತಿಲ್ಲ.

ನಾನು ಎಷ್ಟು ಸುಖವಾಗಿದ್ದೇನೆಂದರೆ ಬರೆಯಲು ನಾಚಿಕೆಯಾಗುತ್ತದೆ. ಕ್ರಾಂತಿಕುಮಾರ ಎಂಥ ಹೆಸರು ಎಂದು ನೀನು ನಕ್ಕಿದ್ದೆಯಲ್ಲ, ಇವರು ಇದುವರೆಗೆ ಮಾಡಿರುವ ಕ್ರಾಂತಿ ಎಂದರೆ ದಿನಾ ಬೆಳಿಗ್ಗೆ ನನಗೆ ಕಾಫಿ ಮಾಡಿಕೊಡುವುದು. ಅತ್ತೆ ನೋಡಿಯೂ ನೋಡದ ಹಾಗಿರುತ್ತಾರೆ, ಪಾಪ. ಆ ಹೆಸರಿಟ್ಟವರು ಇವರ ತಾತ ತೋಂಟದಾರ್ಯ. ಅವರ ವಿಷಯ ಬಂತೆಂದು ಕಾಗದ ಮಡಿಚಿಡಬೇಡ ಅಪ್ಪಾ.

ನಮ್ಮ ಮನೆಯಲ್ಲಿ ತೋಂಟದಾರ್ಯ ಎಂದರೆ ಪುರಸಭೆ ಅಧ್ಯಕ್ಷನಾಗಿ ನಮ್ಮ ತಾತನ ಅಂಗಡಿಯ ಜಗುಲಿ ಒಡೆಸಿದವನು, ಅಷ್ಟೇ. ಒಳಗೆ ಮೂಟೆ ಇಡುವಷ್ಟೇ ಜಾಗ, ಕೊಬ್ಬರಿ ಸುರಿದು ಆರಿಸುತ್ತಿದ್ದದ್ದೆಲ್ಲ ಜಗುಲಿಯ ಮೇಲೆ. ಅದು ಹೋದ ಮೇಲೆ ತಾತ ಅಂಗಡಿ ಮುಚ್ಚಿ ಹೊನ್ನವಳ್ಳಿಗೆ ಬಂದರು ಎಂಬುದನ್ನು ಕೇಳಿಯೇ ನಾನು ಬೆಳೆದೆ. ನನ್ನ ಹಟಕ್ಕೆ ಮದುವೆಗೇನೋ ಬಂದೆ, ಆದರೆ ಅಕ್ಷತೆ ಹಾಕಿ, ಎಲೆಯ ಮುಂದೆ ಕೂರದೆ ಹೊರಟುಹೋದೆ.

ಈ ಮನೆಗೆ ಬಂದ ಮಾರನೆಯ ಬೆಳಿಗ್ಗೆ ರಂಗೋಲಿ ಹಾಕಲು ಹೋಗಿ ಬಿದ್ದೇಬಿಡುತ್ತಿದ್ದೆ. ಇಲ್ಲಿ ಜಗುಲಿಯೇ ಇಲ್ಲ. ಹೊಸಿಲಿನಿಂದ ನೇರ ಚರಂಡಿ ಚಪ್ಪಡಿಗೆ ಇಳಿಯಬೇಕು, ಮಂಡಿಯೆತ್ತರ. ಆಗ ಅತ್ತೆ ಹೇಳಿದರು: ಮಳೆ ಬಂದರೆ ತಗ್ಗಿನ ಕೇರಿಯ ಮನೆಗಳಿಗೆಲ್ಲ ಕೊಚ್ಚೆ ನುಗ್ಗುತ್ತಿತ್ತಂತೆ. ಚರಂಡಿ ಅಗಲ ಮಾಡಲು ಈ ಮನೆಯ ತಾತ ಎಲ್ಲರಿಗಿಂತ ಮೊದಲು ಒಡೆಸಿದ್ದು ತಮ್ಮದೇ ಜಗುಲಿಯನ್ನು. ಇದು ನಿನಗೆ ಗೊತ್ತಿತ್ತಾ ಅಪ್ಪಾ?

ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತವರು, ಹಮಾಲರ ಸಂಘ ಕಟ್ಟಿದವರು, ಎಮರ್ಜೆನ್ಸಿಯಲ್ಲಿ ಜೈಲು ಕಂಡವರು. ಅಧ್ಯಕ್ಷರಾದ ಮೇಲೂ ಆಫೀಸಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದರಂತೆ. ಪೌರಕಾರ್ಮಿಕರ ಕೇರಿಗೆ ನಲ್ಲಿ ಹಾಕಿಸಿದ ಮೇಲೆಯೇ ಈ ಬೀದಿಗೆ ನಲ್ಲಿ ಬಂದದ್ದು. ಜಗುಲಿ ಕಳೆದುಕೊಂಡವರೆಲ್ಲ ಸೇರಿ ಮುಂದಿನ ಚುನಾವಣೆಯಲ್ಲಿ ಸೋಲಿಸಿದರು. ಈಗ ತಾತ ಎದುರುಮನೆ ಫಾತಿಮಾ ಬೀ ಅವರ, ಚರಂಡಿಗೆ ಅಡ್ಡ ಬಾರದೆ ಉಳಿದ ಜಗುಲಿಯಲ್ಲಿ ಕೂತು ಪೇಪರ್ ಓದುತ್ತಾರೆ. “ನನ್ ಜಗುಲಿ ಒಂದು ಉಳ್ಸಿದ್ದು ನೀವು ಕೂರೋಕೇನಾ ಅಧ್ಯಕ್ಷರೇ” ಎಂದು ಆಯಮ್ಮ ದಿನಾ ರೇಗಿಸುತ್ತಾರೆ.

ಗುರುವಾರದಿಂದ ಆಷಾಢ. ಹೊಸ ಸೊಸೆಯನ್ನು ತೌರಿನವರು ಬಂದು ಕರೆದೊಯ್ಯಬೇಕು. ನೀನು ಬರಲಿಲ್ಲ. ಯಾರೂ ಏನೂ ಅನ್ನಲಿಲ್ಲ, ಆದರೂ ನಾನು ಎರಡು ಮೂರು ಸಲ ಬಾಗಿಲಿಗೆ ಬಂದು ಬೀದಿ ನೋಡಿದ್ದನ್ನು ತಾತ ಕಂಡುಬಿಟ್ಟರು. ನಿನ್ನೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. “ನನ್ ಜಗುಲೀನೇ ಮೊದ್ಲು ಒಡ್ಸಿದೆ, ಎಲ್ರಿಗೂ ಒಂದೇ ನ್ಯಾಯ ಅಂತ ಬೀಗ್ತಿದ್ದೆ ಕಣಮ್ಮ. ನನ್ ಜಗುಲಿ ಕೂತು ಹರಟೆ ಹೊಡ್ಯೋಕೆ. ನಿಮ್ ತಾತಂದು ಹೊಟ್ಟೆಪಾಡಿಗೆ. ಎರಡ್ನೂ ಒಂದೇ ಅಂತ ಅಳೆದ್ಬುಟ್ಟೆ. ಬೇರೆ ಕಡೆ ಒಂದು ಜಾಗ ಕೊಟ್ಟು ಆಮೇಲೆ ಒಡೀಬೇಕಿತ್ತು,” ಎಂದರು. ನಾನು ಅವರ ಕೈ ಹಿಡಿದುಕೊಂಡೆ.

ಆಮೇಲೆ ಅವರೇ, “ಆಷಾಢ ಗೀಷಾಢ ಎಲ್ಲ ಮೂಢನಂಬಿಕೆ. ಆದ್ರೂ ನಡಿ, ಬುಧವಾರ ನಾನೇ ಬುಟ್ಬತ್ತೀನಿ,” ಎಂದರು. ಅವತ್ತು ಅಮಾವಾಸ್ಯೆ ಎಂದು ಅತ್ತೆ ಗಾಬರಿಯಾದರೆ, “ಒಳ್ಳೇದೇ ಆಯ್ತು, ಬಸ್ಸಲ್ಲಿ ಸೀಟು ಸಿಗ್ತದೆ” ಅಂತೆ. ನೀನು ಒಳಗೆ ಕರೆಯದಿದ್ದರೆ ಹೊರಗೆ ಕೂತಿರುತ್ತಾರಂತೆ. “ನಿಮ್ಮಪ್ಪ ಶ್ರೀರಂಗಯ್ಯನ ಮನೇಲಿ ಜಗುಲಿ ಐತೋ ಇಲ್ವೋ” ಎಂದು ಕೇಳಿಟ್ಟುಕೊಂಡಿದ್ದಾರೆ.

ಅಮ್ಮನಿಗೆ ಕಾಗದದಲ್ಲಿ ನಮಸ್ಕಾರ ಬೇಡ, ಬಂದು ತಬ್ಬಿಕೊಳ್ಳುತ್ತೇನೆ. ಇವರೂ ಅತ್ತೆಯೂ ನಿಮ್ಮಿಬ್ಬರನ್ನು ಕೇಳಿದರೆಂದು ತಿಳಿಸು.

ನಿನ್ನ ಮುದ್ದಿನ
ಮೀನಾ

ತಾ.ಕ.: ಹನ್ನೊಂದರ ಬಸ್ಸಿಗೆ ಬರುತ್ತೇವೆ. ತಾತನಿಗೆ ಎಂಬತ್ತಾರು. ಬಸ್ಸಿನ ಮೆಟ್ಟಿಲು ಒಬ್ಬರೇ ಇಳಿಯಲಾರರು, ಕೆಳಗೆ ನಿಂತು ಯಾರಾದರೂ ಕೈ ಕೊಡಬೇಕು. ನನ್ನ ಎರಡು ಕೈಯಲ್ಲೂ ಬ್ಯಾಗಿರುತ್ತದೆ ಅಪ್ಪಾ. ಎಷ್ಟು ಹಗುರವಾಗಿದ್ದರೂ ನಾನು ಕೆಳಗಿಡುವುದಿಲ್ಲ.